ದೇವರ ಘಟ್ಟ ಬೇರೆ, ಬೀಜದ ಘಟ್ಟ ಬೇರೆ

2023ರ ಹಿಂಗಾರಿಯಲ್ಲಿ ನಾನು ನಾಲ್ಕು ಎಕರೆ ಬಿಳಿಜೋಳ ಕಳಕೊಂಡೆ. ಅದು ಬರಗಾಲದ ವರ್ಷ, ಮಳೆ ಕೈ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಆದರೆ ಪೂರಾ ತಪ್ಪನ್ನು ಮಳೆಯ ಮೇಲೆ ಹಾಕಲು ನನಗೆ ಬಾಯಿಲ್ಲ. ಬದುವಿನ ಆಚೆಗಿನ ಹೊಲದವರು ಅದೇ ಎರೆಯಲ್ಲಿ, ಅದೇ ಮಳೆಯಲ್ಲಿ, ಅದೇ ತಳಿಯ ಬೀಜ ಬಿತ್ತಿ ಎಕರೆಗೆ ಮೂರು ಕ್ವಿಂಟಾಲ್ ಬೆಳೆದರು. ಅವರಿಗೂ ನನಗೂ ಇದ್ದ ವ್ಯತ್ಯಾಸ ಇಪ್ಪತ್ತು ದಿನ. ಆ ಇಪ್ಪತ್ತು ದಿನ ನಾನು ಹಬ್ಬದ ದಾರಿ ಕಾಯುತ್ತ ಕುಳಿತಿದ್ದೆ.

ಹಬ್ಬಕ್ಕೂ ಬೇಸಾಯಕ್ಕೂ ಇರುವ ಸಂಬಂಧದ ಬಗ್ಗೆ ಬಹಳ ಜನ ಬರೆಯುತ್ತಾರೆ. ಹಿರಿಯರು ಎಲ್ಲ ಲೆಕ್ಕ ಹಾಕಿಟ್ಟಿದ್ದಾರೆ, ಅದರಂತೆ ನಡೆದರೆ ಸಾಕು ಅನ್ನುತ್ತಾರೆ. ನಾನೂ ಹಾಗೇ ನಂಬಿದವನು. ಈಗಲೂ ನಂಬುತ್ತೇನೆ. ಆದರೆ ಆ ಲೆಕ್ಕ ಯಾವುದು ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕಳಕೊಂಡ ಮೇಲೆ ಗೊತ್ತಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ನಾನು ಕಾಯ್ದದ್ದು ಏಕೆ?

ನಮ್ಮದು ಗದಗ ಜಿಲ್ಲೆ ರೋಣ ತಾಲೂಕಿನ ಎರೆ ಹೊಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಬೋರು ಇಲ್ಲ, ಕಾಲುವೆ ಇಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಹಿಂಗಾರಿ ಬೆಳೆ ಬಿತ್ತಿದ ಮೇಲೆ ಬರುವ ಮಳೆ ನಂಬಿ ಬೆಳೆಯುವುದಲ್ಲ. ಬಿತ್ತುವಾಗ ನೆಲದಲ್ಲಿದ್ದ ಹಸಿ, ಆಮೇಲಿನ ಚಳಿ, ಇಬ್ಬನಿ, ಇಷ್ಟರಲ್ಲೇ ಅದರ ಬಾಳು. ಹಾಗಾಗಿ ಬಿತ್ತಿಗೆಯ ಹೊತ್ತು ತಪ್ಪಿದರೆ ಮುಂದೆ ಏನು ಮಾಡಿದರೂ ಕೂಡಿ ಬರುವುದಿಲ್ಲ.

ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಘಟ್ಟ ಹಾಕುತ್ತೇವೆ. ಹೊಲದ ಮಣ್ಣು ತಂದು ದೇವರ ಮುಂದೆ ಎಲೆಯ ಮೇಲೆ ಹರವಿ, ಅದರಲ್ಲಿ ಜೋಳ, ಗೋಧಿ, ಕಡಲೆ ಮುಂತಾದ ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಡುವುದು. ಒಂಬತ್ತು ದಿನ ದೀಪ ಆರಬಾರದು. ಗಡಿಗೆಯಿಂದ ಜಿನುಗುವ ನೀರಿಗೇ ಕಾಳು ಮೊಳಕೆ ಒಡೆದು ಸಸಿಯಾಗುತ್ತದೆ. ಯಾವ ಕಾಳು ಹುಲುಸಾಗಿ ಬಂತು, ಯಾವುದು ಸೊರಗಿತು ಅಂತ ಮನೆಮಂದಿಯೆಲ್ಲ ನೋಡುತ್ತಾರೆ. ದಶಮಿಯ ದಿನ ಆ ಸಸಿ ದೇವರಿಗೆ ಏರಿಸಿ, ಗಂಡಸರು ರುಮಾಲಿಗೆ, ಹೆಂಗಸರು ತುರುಬಿಗೆ ಇಟ್ಟುಕೊಳ್ಳುತ್ತಾರೆ.

ಇದು ಪೂಜೆ ಹೌದು, ಬೀಜದ ಪರೀಕ್ಷೆಯೂ ಹೌದು. ಹಿಂಗಾರಿ ಬಿತ್ತಿಗೆಯ ಹೊಸ್ತಿಲಲ್ಲೇ ಇದನ್ನು ಇಟ್ಟಿದ್ದಾರೆ. "ಘಟ್ಟ ನೋಡಿ ಬಿತ್ತಬೇಕು" ಅಂತ ನಮ್ಮಪ್ಪ ಅನ್ನುತ್ತಿದ್ದ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಕೊಂಡೆ.

2022ರಲ್ಲಿ ನವರಾತ್ರಿ ಸೆಪ್ಟೆಂಬರ್ 26ಕ್ಕೆ ಶುರುವಾಯಿತು. ಘಟ್ಟದಲ್ಲಿ ಮೊಳಕೆ ಕಂಡ ಮೂರನೇ ದಿನ ಕೂರಿಗೆ ಹೂಡಿದೆ. ಎಕರೆಗೆ ಐದು ಕ್ವಿಂಟಾಲ್ ಜೋಳ, ಆಳೆತ್ತರದ ಮೇವು. ಮರುವರ್ಷ 2023ರಲ್ಲಿ ಉತ್ತರಿ ಮಳೆಯ ಕೊನೆಗೆ ನಮ್ಮ ಹೊಲಕ್ಕೆ ಒಂದು ಒಳ್ಳೆಯ ಮಳೆ ಬಿತ್ತು. ಒಂದು ಗೇಣು ಹಸಿ ಇಳಿಯಿತು. ಬದುವಿನ ಆಚೆಯವರು ಸೆಪ್ಟೆಂಬರ್ 28ಕ್ಕೆ ಬಿತ್ತಿದರು. ನನ್ನನ್ನೂ ಕರೆದರು. "ಇನ್ನೂ ಘಟ್ಟ ಹಾಕಿಲ್ಲ, ತಡೀರಿ" ಅಂದೆ. ಆ ವರ್ಷ ಘಟ್ಟ ಹಾಕುವ ದಿನ ಬಂದದ್ದು ಅಕ್ಟೋಬರ್ 15ಕ್ಕೆ. ಹದಿನೆಂಟಕ್ಕೆ ಬಿತ್ತಿದೆ. ಅಷ್ಟರಲ್ಲಿ ಮಳೆ ನಿಂತು ಬಿಸಿಲು ಬಿದ್ದು ಮೇಲಿನ ಮಣ್ಣು ನಾಲ್ಕು ಬೆರಳು ಆರಿತ್ತು. ಕೂರಿಗೆಯ ತಾಳು ಹಸಿ ಮುಟ್ಟಲಿಲ್ಲ. ಅಲ್ಲೊಂದು ಇಲ್ಲೊಂದು ಹುಟ್ಟಿತು. ಮತ್ತೆ ಮಳೆ ಹನಿಯಲಿಲ್ಲ.

ಎಳ್ಳಮಾಸಿಯ ದಿನ

ಆ ಸಲದ ಎಳ್ಳಮಾಸಿ ಬಂದದ್ದು 2024ರ ಜನವರಿ 11ಕ್ಕೆ. ಸಜ್ಜಿರೊಟ್ಟಿ, ಎಣಗಾಯಿ, ಕಡುಬು, ಪುಂಡಿಪಲ್ಯ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಪಾಂಡವರೆಂದು ಇಟ್ಟು ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಬೇಕು. ಬಸುರಿ ಭೂಮಿತಾಯಿಗೆ ಉಣಿಸುವ ಹಬ್ಬ ಇದು. ಜೋಳ ತೆನೆ ಹಿರಿದು ಹಾಲುಗಾಳು ಕಟ್ಟಿರಬೇಕು, ಕಡಲೆಯಲ್ಲಿ ಹಸಿ ಕಾಯಿ ಇರಬೇಕು. ಆಚೆಯ ಹೊಲದಲ್ಲಿ ತೆನೆ ಇತ್ತು. ನನ್ನ ಹೊಲದಲ್ಲಿ ಜೋಳ ಮೊಣಕಾಲೆತ್ತರ ನಿಂತು, ತೆನೆ ಹೊರಗೆ ಬಾರದೆ ಹೊಡೆಯಲ್ಲೇ ಒಣಗಿತ್ತು. ಚರಗದ ಬುಟ್ಟಿ ಹಿಡಿದು ನನ್ನ ಹೊಲದಲ್ಲಿ ನಡೆಯುವುದು ನನಗೇ ನಾಚಿಕೆ ಅನ್ನಿಸಿತು.

ನಮ್ಮವ್ವ ಒಂದು ದಂಟು ಕಿತ್ತು ನೋಡಿದಳು.

"ಯಾವಾಗ ಬಿತ್ತಿದ್ಯೋ?"

"ಘಟ್ಟ ನೋಡೇ ಬಿತ್ತೀನಿ ಬೇ."

"ಈ ವರ್ಷ ಅಧಿಕ ಬಂದಿತ್ತಲ್ಲೋ. ಅಧಿಕ ಬಂದ ವರ್ಷ ನಿಮ್ಮಪ್ಪ ಹಬ್ಬದ ದಾರಿ ಕಾಯ್ತಿದ್ದಿಲ್ಲ. ಹಸಿ ತಟ್ಟಿನ್ಯಾಗ ಬೀಜ ಸುತ್ತಿಟ್ಟು ಮೊದಲ ನೋಡ್ತಿದ್ದ. ದೇವರ ಘಟ್ಟ ಬ್ಯಾರೆ, ಬೀಜದ ಘಟ್ಟ ಬ್ಯಾರೆ."

ಈ ಮಾತು ಆಕೆ ನಾಲ್ಕು ತಿಂಗಳು ಮೊದಲು ಹೇಳಿದ್ದರೆ ಅಂತ ಅನ್ನಿಸಿತು. ಆದರೆ ನಾನು ಕೇಳಿದ್ದರೆ ತಾನೇ ಆಕೆ ಹೇಳುವುದು.

ನಾಲ್ಕು ಎಕರೆಗೆ ಎರಡು ಕ್ವಿಂಟಾಲ್ ಜೋಳ ಬಂತು. ಅದಕ್ಕಿಂತ ದೊಡ್ಡ ಪೆಟ್ಟು ಮೇವಿನದು. ಮೇವಿಲ್ಲದೆ ಮಾರ್ಚ್ ತಿಂಗಳಲ್ಲಿ ಜೋಡೆತ್ತು ಮಾರಿದೆ. ಆ ವರ್ಷದ ಕಾರಹುಣ್ಣಿಮೆಗೆ ಬಣ್ಣ ಹಚ್ಚಲು ನಮ್ಮ ಕೊಟ್ಟಿಗೆಯಲ್ಲಿ ಎತ್ತು ಇರಲಿಲ್ಲ.

ಅಪ್ಪನ ಪಂಚಾಂಗ

ನಮ್ಮಪ್ಪ ಪ್ರತಿ ವರ್ಷದ ಪಂಚಾಂಗವನ್ನು ಎಸೆಯದೆ ಟ್ರಂಕಿನಲ್ಲಿ ಇಡುತ್ತಿದ್ದ. ಅವ್ವನ ಮಾತು ಕೇಳಿ ಬಂದ ರಾತ್ರಿ ಅವನ್ನು ತೆಗೆದೆ. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದ. "ಉತ್ತರಿ 3ನೇ ಪಾದ, ಬಿಳಿಜೋಳ ಬಿತ್ತಿಗಿ." "ಹಸ್ತಿ 1ನೇ ಪಾದ, ಜೋಳ." "ಹಸ್ತಿ 4, ಕಡಲಿ." ಎಲ್ಲೂ ಮಹಾನವಮಿ ಅಂತ ಬರೆದೇ ಇಲ್ಲ.

1982 ಮತ್ತು 2001ರ ಪಂಚಾಂಗ ಬೇಕೆಂತಲೇ ಹುಡುಕಿದೆ. ಆ ಎರಡೂ ವರ್ಷ ಅಧಿಕ ಆಶ್ವೀಜ ಬಂದು, ನವರಾತ್ರಿ ಅಕ್ಟೋಬರ್ ನಡುವಿಗೆ ಹೋಗಿತ್ತು. ಎರಡರಲ್ಲೂ ಬಿತ್ತಿಗೆಯ ಗುರುತು ಇದ್ದದ್ದು ಸೆಪ್ಟೆಂಬರ್ ಕೊನೆಯ ವಾರದ ಸುತ್ತ. 1982 ನಾನು ಏಳನೆಯತ್ತೆ ಮುಗಿಸಿ ಶಾಲೆ ಬಿಟ್ಟ ವರ್ಷ, ನೆನಪಿಲ್ಲ ಅಂದರೆ ನಡೆದೀತು. 2001ರಲ್ಲಿ ಕೂರಿಗೆ ಹಿಡಿದವನು ನಾನೇ. ಆದರೂ ಮರೆತಿದ್ದೆ. ಅಪ್ಪ ಹೇಳಿದ "ಘಟ್ಟ" ಎಂಬ ಮಾತು ನೆನಪಿಟ್ಟೆ, ಅವನು ಮಾಡಿದ್ದನ್ನು ನೆನಪಿಡಲಿಲ್ಲ.

ಇನ್ನೊಂದು ಕಾರಣವೂ ಇತ್ತು. 2020ರಲ್ಲೂ ಅಧಿಕ ಆಶ್ವೀಜ ಬಂದು ನವರಾತ್ರಿ ಅಕ್ಟೋಬರ್ 17ಕ್ಕೆ ಶುರುವಾಗಿತ್ತು. ನಾನು ಆಗಲೂ ಕಾಯ್ದಿದ್ದೆ. ಆ ವರ್ಷ ಮಳೆ ಬಿಡದೆ ಹಿಡಿದು ನೆಲ ಆರಿದ್ದೇ ತಡ, ಹಾಗಾಗಿ ಬೆಳೆ ಬಂತು. ತಪ್ಪು ಮಾಡಿ ದಕ್ಕಿದರೆ ಅದೇ ಪದ್ಧತಿ ಆಗಿಬಿಡುತ್ತದೆ.

ಚಂದ್ರನ ಲೆಕ್ಕ, ಸೂರ್ಯನ ಲೆಕ್ಕ

ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ಇದನ್ನು ನನಗೆ ಬಿಡಿಸಿ ಹೇಳಿದರು. ನನಗೆ ತಿಳಿದಷ್ಟು ಬರೆಯುತ್ತೇನೆ.

ನಮ್ಮ ಬಹುತೇಕ ಹಬ್ಬಗಳು ಹುಣ್ಣಿಮೆ, ಅಮಾವಾಸ್ಯೆ ಎಣಿಸಿ ಬರುವವು. ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ. ಸೂರ್ಯನ ವರ್ಷ 365 ದಿನ. ವರ್ಷಕ್ಕೆ ಹನ್ನೊಂದು ದಿನ ಹಬ್ಬ ಹಿಂದಕ್ಕೆ ಸರಿಯುತ್ತ ಬರುತ್ತದೆ. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋದೀತು. ಅದಕ್ಕೇ ಸುಮಾರು 32-33 ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. 19 ವರ್ಷಕ್ಕೆ ಏಳು ಅಧಿಕ. 1982, 2001, 2020, ಹತ್ತೊಂಬತ್ತು ವರ್ಷಕ್ಕೊಮ್ಮೆ ಅದೇ ಆಶ್ವೀಜ ತಿರುಗಿ ಬಂದದ್ದು ಇದೇ ಲೆಕ್ಕದಿಂದ.

ಘಟ್ಟ ಹಾಕುವ ದಿನ ಹೇಗೆ ತೂಗಾಡುತ್ತದೆ ನೋಡಿ:

2022 – ಸೆಪ್ಟೆಂಬರ್ 26
2023 – ಅಕ್ಟೋಬರ್ 15
2024 – ಅಕ್ಟೋಬರ್ 3
2025 – ಸೆಪ್ಟೆಂಬರ್ 22
2026 – ಅಕ್ಟೋಬರ್ 11

ಮಳೆ ನಕ್ಷತ್ರಗಳು ಹಾಗಲ್ಲ. ಅವು ಸೂರ್ಯನ ಲೆಕ್ಕದವು. ಉತ್ತರಿ ಸೆಪ್ಟೆಂಬರ್ 13ರ ಸುಮಾರಿಗೆ, ಹಸ್ತಿ 27ರ ಸುಮಾರಿಗೆ, ಚಿತ್ತಿ ಅಕ್ಟೋಬರ್ 11ರ ಸುಮಾರಿಗೆ. ಯಾವ ವರ್ಷ ನೋಡಿದರೂ ಒಂದು ದಿನ ಆಚೀಚೆ ಅಷ್ಟೆ. ಒಂದೊಂದು ಮಳೆಗೆ 13-14 ದಿನ, ಅದರಲ್ಲಿ ನಾಲ್ಕು ಪಾದ. ಸಂಕ್ರಾಂತಿಯೂ ಸೂರ್ಯನದೇ, ಅದಕ್ಕೇ ಅದು ಜನವರಿ 14-15 ಬಿಟ್ಟು ಕದಲುವುದಿಲ್ಲ. ಬಹಳ ದೀರ್ಘಕಾಲದಲ್ಲಿ ಇದೂ ಸರಿಯುತ್ತದಂತೆ, ಸುಮಾರು 70 ವರ್ಷಕ್ಕೆ ಒಂದು ದಿನ. ಹಗಲು ಬೆಳೆಯಲು ಶುರುವಾಗುವುದು ಡಿಸೆಂಬರ್ 22ಕ್ಕೆ, ನಾವು ಉತ್ತರಾಯಣ ಆಚರಿಸುವುದು ಸಂಕ್ರಾಂತಿಗೆ. ಆದರೆ ನನ್ನ ಒಂದು ಜನ್ಮದ ಬೇಸಾಯಕ್ಕೆ ಇದರಿಂದ ತೊಂದರೆ ಇಲ್ಲ.

ಗಿಡಮರ ಯಾರ ಲೆಕ್ಕ ಹಿಡಿಯುತ್ತವೆ? ಸೂರ್ಯನದು. ಬಿಸಿಲು ಏರಿದಾಗ ಬೇವು ಚಿಗುರುತ್ತದೆ. ರಾತ್ರಿ ಉದ್ದವಾಗುತ್ತ ಬಂದಾಗ ಗುರೆಳ್ಳು ಹೂವಾಗುತ್ತದೆ. ಅವಕ್ಕೆ ಅಧಿಕ ಮಾಸ ಗೊತ್ತಿಲ್ಲ. ಹಾಗಾದರೆ ಚಂದ್ರನ ಹಬ್ಬಕ್ಕೂ ಸೂರ್ಯನ ಗಿಡಕ್ಕೂ ಗಂಟು ಹಾಕಿದ್ದು ಏಕೆ? ಈ ಪ್ರಶ್ನೆ ನನ್ನನ್ನು ಎರಡು ವರ್ಷ ಕಾಡಿತು. ಸೊಸೈಟಿಯ ಡೈರಿಯಲ್ಲಿ ಪ್ರತಿ ಹಬ್ಬದ ದಿನ ಹೊಲದಲ್ಲಿ ಏನು ಕಂಡಿತು ಅಂತ ಬರೆಯತೊಡಗಿದೆ.

ಒಂದೊಂದು ಹಬ್ಬ ಒಂದೊಂದು ಗಿಡ ಕೇಳುತ್ತದೆ

ಯುಗಾದಿ: ಬೇವಿನ ಹೂ ಕೇಳುತ್ತದೆ. ಯುಗಾದಿ ಬೇಗ ಬಂದ ವರ್ಷ ನಮ್ಮ ಬೇವಿನಲ್ಲಿ ಕೆಂಚಿಗುರು, ಮೊಗ್ಗು ಮಾತ್ರ. ತಡವಾದ ವರ್ಷ ಹೂ ಉದುರಿ ನೆಲ ಬಿಳಿ. ಬೆಲ್ಲದ ಜೊತೆ ಬಾಯಿಗೆ ಬೀಳುವುದು ಮೊಗ್ಗೋ ಹೂವೋ ಈಚೋ ಎಂಬುದರಲ್ಲೇ ಆ ವರ್ಷದ ಬೇವು ಮುಂದಿದೆಯೋ ಹಿಂದಿದೆಯೋ ತಿಳಿಯುತ್ತದೆ. ಅದರ ಮೇಲೆ ಹಣ್ಣು ಯಾವಾಗ ಉದುರೀತು ಅಂತ ಅಂದಾಜು. ನಮ್ಮಲ್ಲಿ ಸಾಮಾನ್ಯವಾಗಿ ಮಿರಗ, ಆರಿದ್ರಿ ಮಳೆಯ ಹೊತ್ತಿಗೆ ಬೇವಿನಹಣ್ಣು ಬೀಳುತ್ತದೆ. ಆಯ್ದು, ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟರೆ ಕಡಲೆಗೆ ಕಾಯಿಕೊರಕ ಬಂದಾಗ ಕೈಯಲ್ಲೇ ಔಷಧ. ಬೇವಿನ ಬೀಜದ ಒಳಕಾಳು ಐದು ಕಿಲೋ ಕುಟ್ಟಿ, ರಾತ್ರಿ ನೆನೆಹಾಕಿ, ಸೋಸಿ, ನೂರು ಲೀಟರ್ ನೀರಿಗೆ ಬೆರೆಸಿ ಸಿಂಪಡಿಸುತ್ತೇನೆ.

ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ: ಇಲ್ಲಿಂದ ಸರದಿ ಮಣ್ಣಿನದು. ಮಣ್ಣೆತ್ತು, ಆಷಾಢದ ಗುಳ್ಳವ್ವ, ಪಂಚಮಿಯ ನಾಗಪ್ಪ, ಚೌತಿಯ ಗಣಪ್ಪ, ಆಮೇಲೆ ಜೋಕುಮಾರ. ಮುಂಗಾರಿ ಮುಗಿಯುವವರೆಗೆ ಐದು ಸಲ ಮಣ್ಣು ಕಲಸುವ ಹಬ್ಬಗಳು. ಮಣ್ಣನ್ನು ಕೈಯಲ್ಲಿ ನಾದಿದವನಿಗೆ ಹದ ಗೊತ್ತಾಗುತ್ತದೆ. ಎತ್ತಿಲ್ಲದ ವರ್ಷ ನಾನೇ ಕುಳಿತು ಮಣ್ಣೆತ್ತು ಮಾಡಿದೆ. ಅಂಗೈಗೆ ಅಂಟುವ ಹಸಿ ಯಾವುದು, ಉಂಡೆ ನಿಲ್ಲುವ ಹಸಿ ಯಾವುದು ಅಂತ ಆವತ್ತು ನನ್ನ ಕೈಗೆ ಮತ್ತೆ ನೆನಪಾಯಿತು.

ನಾಗರಪಂಚಮಿ: ಅಂದು ನೆಲ ಅಗೆಯಬಾರದು, ಉಳಬಾರದು. ಹಬ್ಬ ಹೊತ್ತಿಗೆ ಸರಿಯಾಗಿ ಬಂದ ವರ್ಷ ಹೆಸರು ಹೂವು, ಎಳೆಗಾಯಿಯಲ್ಲಿ ಇರುತ್ತದೆ. ಆಗ ಎಡೆ ಹೊಡೆದರೆ ಹೂ ಉದುರುತ್ತದೆ. ಎಡೆ ಕೆಲಸ ಅಷ್ಟರೊಳಗೆ ಮುಗಿಸು ಎಂಬ ಗಡುವು ಇದು ಅಂತ ನನ್ನ ತಿಳುವಳಿಕೆ. ಆದರೆ 2023ರಲ್ಲಿ ಪಂಚಮಿ ಆಗಸ್ಟ್ 21ಕ್ಕೆ ಬಂತು, 2025ರಲ್ಲಿ ಜುಲೈ 29ಕ್ಕೆ. ಗಡುವನ್ನು ಹೂ ನೋಡಿಯೇ ಹಾಕಬೇಕು.

ದೀಪಾವಳಿ: ಪಾಡ್ಯದ ದಿನ ಸಗಣಿಯಿಂದ ಪಾಂಡವರನ್ನು ಮಾಡಿ ಉತ್ರಾಣಿ ಕಡ್ಡಿ, ಹೊನ್ನಾವರಿಕೆ, ಗುರೆಳ್ಳು ಹೂ ಸಿಕ್ಕಿಸುತ್ತೇವೆ. ಉತ್ರಾಣಿ ನನಗೆ ಒಳ್ಳೆಯ ಗುರು. ಸೆಪ್ಟೆಂಬರ್ ಕೊನೆಗೆ ನಮ್ಮ ಬದುವಿನಲ್ಲಿ ಅದರ ತೆನೆ ಎಳೆಯದು, ಹಸಿರು. ಕೈಯಾಡಿಸಿದರೆ ಮೆತ್ತಗೆ. ಅಕ್ಟೋಬರ್ ನಡುವಿಗೆ ಬಲಿತು, ಕಾಳು ತಲೆಕೆಳಗಾಗಿ, ಧೋತರಕ್ಕೆ ಹತ್ತುತ್ತದೆ. 2023ರಲ್ಲಿ ನಾನು ಬಿತ್ತಿ ಮನೆಗೆ ಬಂದಾಗ ಧೋತರದ ತುಂಬ ಉತ್ರಾಣಿ ಹತ್ತಿದ್ದು ಹೆಂಡತಿ ಬಿಡಿಸುತ್ತ ಬೈದದ್ದು ನೆನಪಿದೆ. ಗಿಡ ಆಗಲೇ ಹೇಳಿತ್ತು, ನಾನು ಕೇಳಲಿಲ್ಲ. ಈಗ ನನ್ನ ಲೆಕ್ಕ ಇಷ್ಟು: ಉತ್ರಾಣಿ ಧೋತರಕ್ಕೆ ಹತ್ತುವ ಮೊದಲು ಜೋಳದ ಬಿತ್ತಿಗೆ ಮುಗಿಯಬೇಕು. ಹತ್ತಿದ ಮೇಲೆ ಹಸಿ ಇದ್ದರೆ ಕಡಲೆ.

ಎಳ್ಳಮಾಸಿ: ಚರಗ ಚೆಲ್ಲಿದ ಕಡೆ ಗೊರವಂಕ, ಕಾಜಾಣ ಇಳಿಯುತ್ತವೆ. ರೊಟ್ಟಿ ಚೂರಿಗೆ ಬಂದ ಹಕ್ಕಿ ಕಡಲೆಯ ಹುಳವನ್ನೂ ಬಿಡುವುದಿಲ್ಲ. ಹುಳದ ಹಾವಳಿ ಹಬ್ಬ ನೋಡಿ ಬರುವುದಿಲ್ಲವಾದ್ದರಿಂದ ನಾನು ಈಗ ಕಡಲೆ ಹೂ ಬಿಟ್ಟ ಕೂಡಲೇ ಹಕ್ಕಿ ಕೂರಲು ಕವಲು ಕಡ್ಡಿ ಹುಗಿದು, ಮುಷ್ಟಿ ಚುರುಮುರಿ ಚೆಲ್ಲಿ ಬರುತ್ತೇನೆ. ಎಳ್ಳಮಾಸಿಯ ಚರಗ ಎಳ್ಳಮಾಸಿಗೇ ಇದೆ.

ಸಂಕ್ರಾಂತಿಗೆ ಬಾರಿಹಣ್ಣು, ಹೋಳಿಗೆ ಮುತ್ತಲದ ಹೂ. ಇವೂ ಹಾಗೇ. "ಕಾರಹುಣ್ಣಿವಿ ಕರಕೊಂಡು ಬಂತು, ಹೋಳಿಹುಣ್ಣಿವಿ ಹೊಯ್ಕೊಂಡು ಹೋತು" ಅನ್ನುವಂತೆ ಅಲ್ಲಿಗೆ ಹಬ್ಬದ ಸಾಲು ಮುಗಿಯುತ್ತದೆ.

ಇಷ್ಟು ಬರೆದಿಟ್ಟ ಮೇಲೆ ನನಗೆ ತಿಳಿದದ್ದು ಇದು. ಹಬ್ಬ ತಾರೀಖು ಹೇಳುವುದಿಲ್ಲ. ಹೋಗಿ ನೋಡು ಅನ್ನುತ್ತದೆ. ಬೇವಿನ ಹೂ ತಾ, ಹೊಲದ ಮಣ್ಣು ತಾ, ಉತ್ರಾಣಿ ಕಡ್ಡಿ ತಾ ಅಂತ ವರ್ಷಕ್ಕೆ ಹತ್ತು ಸಲ ನಮ್ಮನ್ನು ಹೊಲಕ್ಕೆ ಅಟ್ಟುತ್ತದೆ. ಹೋದಾಗ ಕಣ್ಣು ತೆರೆದಿರಬೇಕು. ಇವತ್ತು ಬೇವಿನ ಹೂವನ್ನೂ ಬನ್ನಿಯನ್ನೂ ಸಂತೆಯಲ್ಲಿ ಕೊಂಡು ಹಬ್ಬ ಮಾಡುತ್ತೇವೆ. ದೇವರಿಗೆ ಸಲ್ಲುತ್ತದೆ, ಬೇಸಾಯಕ್ಕೆ ಉಪಯೋಗವಿಲ್ಲ.

ತಾಳೆ ಆಗದ ಮಾತುಗಳು

ಎಲ್ಲ ಮಾತೂ ನಿಜವಾಗುತ್ತದೆ ಅಂತ ಹೇಳಿದರೆ ಸುಳ್ಳಾದೀತು. ಕಾರಹುಣ್ಣಿಮೆಯ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ, ಕೆಂಪು ಎತ್ತು ಬಂದರೆ ಮುಂಗಾರಿ ಚೆನ್ನಾಗಿ ಆಗುತ್ತದೆ ಅನ್ನುತ್ತಾರೆ. ನನ್ನ ಡೈರಿಯಲ್ಲಿ ಅದು ಒಮ್ಮೆ ಕೂಡಿತು, ಒಮ್ಮೆ ಕೂಡಲಿಲ್ಲ. ಕಕ್ಕೆ ಹೂ ಬಿಟ್ಟ 45 ದಿನಕ್ಕೆ ಮಳೆ ಅನ್ನುವವರಿದ್ದಾರೆ. ಕಕ್ಕೆ ಬಿಸಿಲಿಗೆ ಹೂ ಬಿಡುತ್ತದೆ, ಮುಂದೆ ಮಳೆ ತರುವ ಜವಾಬ್ದಾರಿ ಅದರದಲ್ಲ. ಗಿಡ ಆಗಿಹೋದದ್ದನ್ನು ಹೇಳುತ್ತದೆ: ಇಷ್ಟು ಬಿಸಿಲಾಯಿತು, ಇಷ್ಟು ಹಸಿ ಇಳಿಯಿತು, ರಾತ್ರಿ ಇಷ್ಟು ಉದ್ದವಾಯಿತು ಅಂತ. ಆಗಬೇಕಾದ್ದನ್ನು ಕೇಳಿದರೆ ಅದು ಸುಮ್ಮನಿರುತ್ತದೆ. ನಾವೇ ಅದರ ಬಾಯಲ್ಲಿ ಮಾತು ಹಾಕುತ್ತೇವೆ.

ಈಗ ನಾನು ಮಾಡುವುದು

1. ಹೊಸ ಪಂಚಾಂಗ ತಂದ ಕೂಡಲೇ ಅಧಿಕ ಮಾಸ ಇದೆಯೇ ನೋಡಿ ಕೆಂಪು ಗೆರೆ ಹಾಕುತ್ತೇನೆ. ಅಧಿಕ ಬಂದ ಮೇಲಿನ ಹಬ್ಬಗಳೆಲ್ಲ ಆ ವರ್ಷ ತಡ.

2. ಉತ್ತರಿ ಮಳೆ ಹೊಕ್ಕ ದಿನ "ಬೀಜದ ಘಟ್ಟ" ಇಡುತ್ತೇನೆ. ನೂರು ಜೋಳದ ಕಾಳು ಎಣಿಸಿ ಹಸಿ ತಟ್ಟಿನಲ್ಲಿ ಸುತ್ತಿ ನೆರಳಲ್ಲಿಟ್ಟು, ತಟ್ಟು ಆರದಂತೆ ನೀರು ಚಿಮುಕಿಸಿ, ಐದನೇ ದಿನ ಬಿಚ್ಚುತ್ತೇನೆ. 75ಕ್ಕಿಂತ ಹೆಚ್ಚು ಮೊಳೆತರೆ ಬೀಜ ಸರಿ. ಕಡಿಮೆಯಾದರೆ ಬೇರೆ ಬೀಜ ಹುಡುಕಲು ಇನ್ನೂ ಹೊತ್ತಿರುತ್ತದೆ.

3. ಹೊಲದ ನಾಲ್ಕು ಕಡೆ ಒಂದು ಗೇಣು ಅಗೆದು ತಳದ ಮಣ್ಣು ಹಿಡಿದು ಹಿಸುಕುತ್ತೇನೆ. ಉಂಡೆ ನಿಂತು, ಬೆರಳಿಗೆ ಮೆತ್ತದೆ ಇದ್ದರೆ ಕೂರಿಗೆಯ ಹದ.

4. ಬೀಜ ಸರಿ, ಹಸಿ ಸರಿ, ಉತ್ರಾಣಿ ಎಳೆಯದು. ಮೂರೂ ಕೂಡಿದ ದಿನವೇ ಬಿತ್ತಿಗೆ. ಹಬ್ಬ ಮುಂದಿದ್ದರೂ ಸರಿ, ಹಿಂದಾದರೂ ಸರಿ.

2024ರಲ್ಲಿ ಘಟ್ಟ ಹಾಕುವ ಆರು ದಿನ ಮೊದಲೇ ಬಿತ್ತಿದೆ. 2025ರಲ್ಲಿ ಇದರ ತಿರುವು ಮುರುವು ಆಯಿತು. ಘಟ್ಟ ಸೆಪ್ಟೆಂಬರ್ 22ಕ್ಕೇ ಬಂತು, ಆದರೆ ಹೊಲದಲ್ಲಿ ಕಾಲಿಟ್ಟರೆ ಹುಗಿಯುವಷ್ಟು ಹಸಿ. ಹನ್ನೆರಡು ದಿನ ತಡೆದು ಅಕ್ಟೋಬರ್ 4ಕ್ಕೆ ಬಿತ್ತಿದೆ. ಎರಡೂ ವರ್ಷ ಹುಟ್ಟು ತುಂಬಿ ಬಂತು. ಎರಡು ವರ್ಷದ ಮಾತು ದೊಡ್ಡದಲ್ಲ ಅಂತ ನನಗೂ ಗೊತ್ತು. ಎರಡೂ ಬರಗಾಲದ ವರ್ಷವಲ್ಲ ಅನ್ನುವುದೂ ಗೊತ್ತು.

ಮನೆಯಲ್ಲಿ ದೇವರ ಘಟ್ಟ ತಪ್ಪಿಸಿಲ್ಲ. 2024ರ ಘಟ್ಟಕ್ಕೆ ಮಣ್ಣು ತರಲು ಹೊಲಕ್ಕೆ ಹೋದಾಗ ಜೋಳ ಆಗಲೇ ಮೊಳೆತು ಸಾಲು ಕಾಣುತ್ತಿತ್ತು. ಆ ಸಾಲಿನ ನಡುವಿನ ಮಣ್ಣನ್ನೇ ತಂದು ಘಟ್ಟಕ್ಕೆ ಹಾಕಿದೆವು. ಅವ್ವ ನೋಡಿ, "ಈಗ ಸರಿ ಆತು" ಅಂದಳು.

ಉತ್ರಾಣಿಯ ಲೆಕ್ಕ ನಮ್ಮ ಎರೆ ಹೊಲದ್ದು. ಮಸಾರಿಯವರಿಗೆ, ಮಲೆನಾಡಿನವರಿಗೆ, ಕರಾವಳಿಯವರಿಗೆ ಬೇರೆ ಗಿಡ ಗುರುವಾಗಿರಬಹುದು. ನಿಮ್ಮ ಹಬ್ಬ ಯಾವ ಗಿಡ ಕೇಳುತ್ತದೆ, ಆ ದಿನ ಆ ಗಿಡ ಯಾವ ಹಂತದಲ್ಲಿತ್ತು ಅಂತ ಒಂದೆರಡು ವರ್ಷ ತಾರೀಖು ಸಹಿತ ಬರೆದಿಟ್ಟು ಪತ್ರಿಕೆಗೆ ತಿಳಿಸಿ. ನಮ್ಮಪ್ಪ ಪಂಚಾಂಗದ ಅಂಚಿನಲ್ಲಿ ಬರೆದದ್ದು ಟ್ರಂಕಿನಲ್ಲೇ ಉಳಿದಿದ್ದರಿಂದ ನಾನು ಒಂದು ಜೋಡಿ ಎತ್ತು ಕಳಕೊಂಡೆ. ನೀವು ಬರೆದದ್ದು ಹಾಗಾಗುವುದು ಬೇಡ.